ನಮ್ಮ ಮನೆಯ ಶಾರ್ವರಿ ಸಂವತ್ಸರ

ನಿಮ್ಮ ಮನೆಯ ಚಾವಣಿ ತಾರಸಿಯದೋ ಹೆಂಚಿನದೋ ನಾನರಿಯೆ. ತಾರಸಿಯದಾಗಿದ್ದರೆ ನಾನೀಗ ಹೇಳಹೊರಟಿರುವ ಕಷ್ಟದಲ್ಲಿ ಅರ್ಧ ಭಾಗ ನಿಮಗೆ ತಿಳಿಯಲಾರದು. ಉಳಿದರ್ಧ ಮಾತ್ರ ನಿಮಗೂ ಗೊತ್ತಿದ್ದುದೇ. ಏಕೆಂದರೆ ಇದು 2020ನೆಯ ಇಸವಿಯ ಮಾತು.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆ ನಮ್ಮದು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ರಂದು. ಹಿಂದಿನ ರಾತ್ರಿಯೇ ಇಡೀ ದೇಶಕ್ಕೆ ಇಪ್ಪತ್ತೊಂದು ದಿನ ಬಾಗಿಲು ಹಾಕಿಯಾಗಿತ್ತು. ಬೇವಿಗೇನೂ ಕೊರತೆಯಿರಲಿಲ್ಲ, ಹಿತ್ತಲಲ್ಲೇ ಮರವಿದೆ. ಬೆಲ್ಲವನ್ನು ಮಾತ್ರ ಅಮ್ಮ ಡಬ್ಬದ ತಳದಿಂದ ಕೆರೆದು ತೆಗೆದರು. ಪಂಚಾಂಗ ತೆರೆದರೆ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿ ಎಂದರೆ ರಾತ್ರಿ. “ಹೆಸರಿಗೆ ತಕ್ಕ ಹಾಗೇ ಶುರುವಾಗಿದೆ ಬಿಡು” ಎಂದರು ಅಮ್ಮ. ಮಗಳು ಮಾತ್ರ ಹೂಂ ಎನ್ನಲಿಲ್ಲ. 27ರಂದು ಆರಂಭವಾಗಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋದದ್ದು ಅವಳಿಗೆ ಬೇವೋ ಬೆಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ.

ಏಪ್ರಿಲಿನಲ್ಲಿ ಒಂದು ಸಂಜೆ ಗುಡುಗಿ ಮಳೆ ಬಂತು. ಹಜಾರದಲ್ಲಿ ಮೂರು ಕಡೆ, ಅಡಿಗೆಮನೆಯಲ್ಲಿ ಎರಡು ಕಡೆ ಸೋರಿತು. ತಂಬಿಗೆ, ಬೋಗುಣಿ, ಬಕೆಟ್ಟು, ಕೊನೆಗೆ ಇಡ್ಲಿಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ಇಟ್ಟೆವು. ಒಂದೊಂದು ಪಾತ್ರೆಗೂ ಒಂದೊಂದು ಶ್ರುತಿ. ಕಿರಿಯ ಮಗ ಅದಕ್ಕೆ ತಾಳ ಹಾಕುತ್ತ ಕುಳಿತ. ನನಗೆ ನಗು ಬರಲಿಲ್ಲ. ಅದೇ ವಾರ ಕಾರ್ಖಾನೆಯಿಂದ ಕಾಗದ ಬಂದಿತ್ತು: ಮುಂದಿನ ಅಪ್ಪಣೆಯವರೆಗೆ ಅರ್ಧ ಸಂಬಳ. ನಾನು ಅಲ್ಲಿ ಲೆಕ್ಕಪತ್ರದ ವಿಭಾಗದವನು. ಎಲ್ಲರ ಸಂಬಳವನ್ನೂ ಎರಡರಿಂದ ಭಾಗಿಸುವ ಕೆಲಸ ನನ್ನದೇ. ನನ್ನದನ್ನು ಕೊನೆಗೆ ಭಾಗಿಸಿದೆ.

ಆಗ ಸರ್ಕಾರ ಎರಡು ಅನುಕೂಲ ಮಾಡಿಕೊಟ್ಟಿತ್ತು. ಸಾಲದ ಕಂತನ್ನು ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯವರೆಗೆ ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ನಮ್ಮ ಬೀದಿಯಲ್ಲಿ ಹಲವರು ಇದನ್ನು ಮನ್ನಾ ಎಂದೇ ತಿಳಿದು ಸಂತೋಷಪಟ್ಟರು. ಮುಂದೆ ಹೋಗುವುದು ಕಂತು ಮಾತ್ರ, ಬಡ್ಡಿ ತನ್ನ ಪಾಡಿಗೆ ತಾನು ಬೆಳೆಯುತ್ತದೆ ಎಂದು ಹೇಳಿ ನಾನು ಇಬ್ಬರು ಮೂವರ ಸ್ನೇಹ ಕಳೆದುಕೊಂಡೆ. ಎರಡನೆಯದು ಪ್ರಾವಿಡೆಂಟ್ ಫಂಡಿನ ಹಣ. ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯ, ಇಲ್ಲವೇ ಖಾತೆಯಲ್ಲಿರುವುದರ ನೂರಕ್ಕೆ ಎಪ್ಪತ್ತೈದು ಪಾಲು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಆಗ ತೆಗೆಯಬಹುದಾಗಿತ್ತು, ಮರಳಿ ಕಟ್ಟಬೇಕಾಗಿರಲಿಲ್ಲ.

ತೆಗೆದೆ. ತೆಗೆದ ಮೇಲೆ ಮನೆಯಲ್ಲಿ ಯುದ್ಧ. “ಅದನ್ನು ಮುಟ್ಟಬೇಡಿ. ಕೆಲಸ ಹೋದರೆ ಹೆಂಚು ಬೇಯಿಸಿಕೊಂಡು ತಿನ್ನೋಕಾಗತ್ತೇನ್ರೀ?” ಎಂದಳು ನನ್ನಾಕೆ. “ಸೂರು ಬಿದ್ದರೆ ಅನ್ನ ಎಲ್ಲಿ ಬೇಯಿಸ್ತೀಯಮ್ಮ?” ಎಂದರು ಅಮ್ಮ. ಇಬ್ಬರ ಮಾತೂ ಸರಿ. ಎರಡು ರಾತ್ರಿ ಲೆಕ್ಕ ಹಾಕಿ, ಹಿಂದಿನ ಭಾಗವನ್ನು ಮಾತ್ರ ರಿಪೇರಿ ಮಾಡಿಸುವುದು, ಮುಂದಿನ ಹಜಾರಕ್ಕೆ ಪಾತ್ರೆಗಳೇ ಗತಿ ಎಂದು ಒಪ್ಪಂದವಾಯಿತು.

ಮೇ ಕೊನೆಯಲ್ಲಿ ಮೇಸ್ತ್ರಿ ಬಂದ. ಬಾಯಿಗೆ ಟವೆಲು ಕಟ್ಟಿದ್ದ ಮುದುಕ. ಏಣಿ ಹತ್ತಿ ನಾಲ್ಕು ಹೆಂಚು ಎತ್ತಿ ನೋಡಿ, “ಹೆಂಚು ಚೆನ್ನಾಗೈತೆ ಸ್ವಾಮಿ, ರೀಪು ಹೋಗೈತೆ” ಎಂದ. ಮಂಗಳೂರು ಹೆಂಚಿನ ಗುಟ್ಟು ನನಗೆ ತಿಳಿದದ್ದು ಆ ದಿನ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಇದರ ಕಾರ್ಖಾನೆ ತೆರೆದರೆಂಬುದನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು, ನನ್ನ ತಲೆಯ ಮೇಲೆಯೇ ಇದ್ದ ಹೆಂಚನ್ನು ತಿರುಗಿಸಿ ನೋಡಿದವನಲ್ಲ. ಹಿಂಬದಿಯ ಮೂತಿ ರೀಪಿಗೆ ಸಿಕ್ಕಿಕೊಳ್ಳುತ್ತದೆ; ಪಕ್ಕದ ಗಾಡಿಯ ಮೇಲೆ ಪಕ್ಕದ ಹೆಂಚಿನ ಅಂಚು ಕೂರುತ್ತದೆ. ರೀಪು ಗೆದ್ದಲು ತಿಂದು ಬಾಗಿದರೆ ಆ ಜೋಡಣೆ ಬಾಯಿ ಬಿಡುತ್ತದೆ. ಗಾಡಿಯಲ್ಲಿ ಎಲೆ ತುಂಬಿದರೆ ನೀರು ಹೊರಳಿ ಒಳಕ್ಕಿಳಿಯುತ್ತದೆ. ನಮ್ಮದರಲ್ಲಿ ತುಂಬಿದ್ದು ಬೇವಿನೆಲೆ! ಯುಗಾದಿಗೆ ಪೂಜಿಸಿದ ಮರವನ್ನೇ ಮೇಸ್ತ್ರಿ ಬೈದ. ಒಡೆದ ಹೆಂಚಿಗೆ ಹೊಸದು ತಂದರೆ ಗಾಡಿ ಹೊಂದಲಿಲ್ಲ, ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ. ಕೊನೆಗೆ ಪಕ್ಕದ ಬೀದಿಯಲ್ಲಿ ಕೆಡವಿದ ಹಳೆಯ ಮನೆಯೊಂದರಿಂದ ಸರಿಜೋಡಿ ಸಿಕ್ಕಿತು.

ಜೂನ್ 25ರಂದು ಪರೀಕ್ಷೆ ಆರಂಭವಾಯಿತು. ರಿಪೇರಿಯಾದ ಅಡಿಗೆಮನೆಯಲ್ಲಿ ಕುಳಿತು ಓದಿದ ಮಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ ಬರೆದು ಬಂದಳು. ಆಗಸ್ಟ್ 10ಕ್ಕೆ ಫಲಿತಾಂಶ. ಮೊದಲ ದರ್ಜೆ. ಅಮ್ಮ ಎಂದೋ ಬಚ್ಚಿಟ್ಟಿದ್ದ ತುಪ್ಪ ಹೊರಬಂತು.

ಜುಲೈ ತಿಂಗಳ ವಿಷಯವನ್ನು ದಾಟಿ ಹೋಗಬೇಕೆಂದಿದ್ದೆ, ಆಗುತ್ತಿಲ್ಲ. ಕೆಲಸದಿಂದ ತೆಗೆಯಬೇಕಾದವರ ಪಟ್ಟಿಯೊಂದು ನನ್ನ ಮೇಜಿಗೆ ಬಂತು, ಹನ್ನೊಂದು ಹೆಸರು. ಅವರವರ ಬಾಕಿ ಲೆಕ್ಕ ಮಾಡಿ ಟೈಪು ಮಾಡಬೇಕಾಗಿತ್ತು. ಮೊದಲು ಹುಡುಕಿದ್ದು ನನ್ನ ಹೆಸರನ್ನು. ಇರಲಿಲ್ಲ. ಆ ಒಂದು ಕ್ಷಣದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆ. ಆರನೆಯ ಹೆಸರು ನನ್ನ ಪಕ್ಕದ ಮೇಜಿನವರದು. ಹದಿನಾಲ್ಕು ವರ್ಷ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚಿಕೊಂಡವರು. ಅವರಿಗೆ ಮೊದಲೇ ತಿಳಿಸಬೇಕೇ ಬೇಡವೇ? ಎರಡು ದಿನ ಹೊಯ್ದಾಡಿದೆ. ತಿಳಿಸಲಿಲ್ಲ.

ದಸರಾ ಹೊತ್ತಿಗೆ ಗೊಂಬೆಪೆಟ್ಟಿಗೆ ಅಟ್ಟದಿಂದ ಇಳಿಯಿತು. ಪಟ್ಟದ ಗೊಂಬೆಗಳಲ್ಲಿ ರಾಣಿಯ ಸೀರೆಗೆ ನೀರಿನ ಕಲೆ. ನನ್ನಾಕೆ ತನ್ನ ಮದುವೆಯ ಕುಪ್ಪಸದ ಜರಿ ಹೊಲಿದಳು. ಜಂಬೂಸವಾರಿ ಆ ವರ್ಷ ಅರಮನೆಯ ಆವರಣ ದಾಟಲಿಲ್ಲ. ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತುದನ್ನು ಮೈಸೂರಿನವರಾದ ನಾವೂ ಟೀವಿಯಲ್ಲೇ ನೋಡಿದೆವು. ಅಂದು ಸಂಜೆ ಆ ಸ್ನೇಹಿತರು ಬಂದರು. ಮನೆಯಲ್ಲಿ ಚಟ್ನಿಪುಡಿ, ಹುರಿಹಿಟ್ಟು ಮಾಡಿ ಮಾರುತ್ತಿದ್ದರು. ಎರಡು ಪೊಟ್ಟಣ ಕೊಟ್ಟು, ದುಡ್ಡು ಬೇಡವೆಂದರು, ಬಲವಂತವಾಗಿ ಕೊಟ್ಟೆ. ಪಟ್ಟಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಪ್ರತಿ ತಿಂಗಳು ಅವರದೇ ಚಟ್ನಿಪುಡಿ.

2021ರ ಜನವರಿಗೆ ಪೂರ್ಣ ಸಂಬಳ ಬಂತು. ಏಪ್ರಿಲ್ 13ಕ್ಕೆ ಮತ್ತೆ ಯುಗಾದಿ, ಸಂವತ್ಸರ ಪ್ಲವ. “ಪ್ಲವ ಅಂದರೆ ದೋಣಿ ಕಣೋ” ಎಂದರು ಅಮ್ಮ, ಹಜಾರದ ಚಾವಣಿಯನ್ನೇ ನೋಡುತ್ತ. ಅಲ್ಲಿನ ರೀಪು ಇನ್ನೂ ಹಾಗೆಯೇ ಇತ್ತು. ನನ್ನಾಕೆ ಏನೂ ಮಾತನಾಡದೆ ಎದ್ದು ಹೋಗಿ, ಮೂಲೆಯಲ್ಲಿ ಬೋರಲು ಹಾಕಿದ್ದ ಬೋಗುಣಿಯನ್ನು ತೊಳೆದು ಅದರ ಜಾಗದಲ್ಲಿಟ್ಟಳು.