ಬೆಳಕು ಬೀರುವ ಸೌರಕೋಶ



ಸೌರಕೋಶವು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ ಎಂದು ನೀವೆಲ್ಲ ಓದಿದ್ದೀರಿ. ಒಳ್ಳೆಯ ಸೌರಕೋಶ ತಾನೂ ಬೆಳಕು ಬೀರುತ್ತದೆ ಎಂದರೆ ನಂಬುತ್ತೀರಾ? ಇಂದಿನ ನನ್ನ ಮಾತು ಆ ಮಂದ ಬೆಳಕಿನ ಬಗ್ಗೆ.

ಪೆರೋವ್‌ಸ್ಕೈಟ್ ಎಂಬುದು 1839ರಲ್ಲಿ ರಷ್ಯಾದ ಉರಾಲ್ ಪರ್ವತದಲ್ಲಿ ದೊರೆತ ಖನಿಜದ ಹೆಸರು. ಅದೇ ಹರಳು ರಚನೆಯುಳ್ಳ, ಸೀಸ ಬೆರೆತ ವಸ್ತುವಿನಿಂದ 2009ರಲ್ಲಿ ಜಪಾನಿನ ಮಿಯಾಸಾಕ ಅವರ ತಂಡ ಸೌರಕೋಶ ಮಾಡಿತು. ಆಗ ದಕ್ಷತೆ ಶೇ. 3.8 ಮಾತ್ರ. ಇಂದು ಪ್ರಯೋಗಾಲಯದ ಚಿಕ್ಕ ಕೋಶಗಳು ಶೇ. 26ನ್ನು ದಾಟಿವೆ. ಸಿಲಿಕಾನಿಗೆ ಸಾವಿರ ಡಿಗ್ರಿ ಮೀರಿದ ಕುಲುಮೆ ಬೇಕು. ಇದನ್ನು ದ್ರಾವಣವಾಗಿ ಗಾಜಿನ ಮೇಲೆ ಹರಡಿ ಸುಮಾರು 100 ಡಿಗ್ರಿಯಲ್ಲಿ ಕಾಯಿಸಿದರೆ ಸಾಕು. ಆದರೆ ತೇವ, ಶಾಖ, ಬೆಳಕು ಮೂರೂ ಇದನ್ನು ಕೆಡಿಸುತ್ತವೆ. ಎಲ್ಲಿ ಕೆಡುತ್ತದೆ ಎಂಬುದನ್ನು ಮೊದಲು ಕಣ್ಣಿಗೆ ಕಾಣಿಸಬೇಕು.

ಅದರ ಬಗೆ ಸರಳ. ಕತ್ತಲೆಯಲ್ಲಿ ಕೋಶದ ಮೇಲೆ ನೀಲಿ ಬೆಳಕು ಬಿಡುತ್ತಾರೆ. ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಜಿಗಿದು, ಮರಳುವಾಗ ಸುಮಾರು 770 ನ್ಯಾನೋಮೀಟರಿನ ಕಡುಗೆಂಪು ಬೆಳಕನ್ನು ಹೊರಬಿಡುತ್ತದೆ. ಕ್ಯಾಮೆರಾದ ಮುಂದೆ ನೀಲಿಯನ್ನು ತಡೆಯುವ ಫಿಲ್ಟರ್ ಇಟ್ಟರೆ ಈ ಕೆಂಪಿನ ಚಿತ್ರವಷ್ಟೇ ಉಳಿಯುತ್ತದೆ. ಹರಳಿನಲ್ಲಿ ದೋಷವಿದ್ದಲ್ಲಿ ಶಕ್ತಿ ಬಿಸಿಯಾಗಿ ಪೋಲಾಗುವುದರಿಂದ ಅಲ್ಲಿ ಕಪ್ಪು ಕಲೆ ಕಾಣುತ್ತದೆ. ತಂತಿ ಜೋಡಿಸಬೇಕಿಲ್ಲ, ಅರ್ಧ ತಯಾರಾದ ಪದರವನ್ನೂ ಪರೀಕ್ಷಿಸಬಹುದು. (ಕತ್ತಲೆ ಕೋಣೆಯಲ್ಲಿ ಬೆಳಕನ್ನು ಪರೀಕ್ಷಿಸಿದ ಇಬ್ನುಲ್ ಹೈಸಮ್‌ರ ಹೆಸರು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ, ಚಪ್ಪಾಳೆಯ ನಂತರ ಪ್ರಯೋಗ ಮಾಡುವವರು ಕಡಿಮೆ.)

ಚಿತ್ರವಿದ್ದರೆ ಸಾಲದು, ಲೆಕ್ಕವೂ ಬೇಕು. ಹೊಮ್ಮುವ ಬೆಳಕು ಹತ್ತನೇ ಒಂದಕ್ಕೆ ಇಳಿದರೆ ಕೋಶದಿಂದ ದೊರೆಯಬಹುದಾದ ವೋಲ್ಟೇಜು ಸುಮಾರು 60 ಮಿಲಿವೋಲ್ಟ್ ಕುಸಿಯುತ್ತದೆ. ಒಟ್ಟು ವೋಲ್ಟೇಜೇ 1.1ರ ಆಸುಪಾಸಿನಲ್ಲಿರುವಾಗ ಇದು ಸಣ್ಣ ನಷ್ಟವಲ್ಲ. 2018ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಪದರ ಪದರವಾಗಿ ಇಂಥ ಚಿತ್ರ ತೆಗೆದರು. ತಮ್ಮ ಕೋಶಗಳಲ್ಲಿ ನಷ್ಟವಾಗುತ್ತಿದ್ದುದು ಮುಖ್ಯವಾಗಿ ಪೆರೋವ್‌ಸ್ಕೈಟಿನ ಒಳಗಲ್ಲ, ಅದು ಪಕ್ಕದ ಪದರಗಳನ್ನು ಮುಟ್ಟುವ ಗಡಿಯಲ್ಲಿ ಎಂದು ಅವರಿಗೆ ತಿಳಿಯಿತು. ಆ ಗಡಿಗಳಿಗೆ ತೆಳು ಲೇಪ ಕೊಟ್ಟಾಗ 1 ಚದರ ಸೆಂಟಿಮೀಟರ್ ಕೋಶದ ದಕ್ಷತೆ ಶೇ. 20ಕ್ಕೆ ಏರಿತು. ಕಲೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಲೇಪವನ್ನು ಎಲ್ಲಿ ಹಚ್ಚುತ್ತಿದ್ದರು?

ವಿದ್ಯಾರ್ಥಿಗಳು ಇಲ್ಲೊಂದು ಎಚ್ಚರ ವಹಿಸಬೇಕು. ತಂತಿ ಜೋಡಿಸದ ಕೋಶ ಹೊಳೆದರೆ ಒಳ್ಳೆಯದು. ಅದೇ ಕೋಶ ವಿದ್ಯುತ್ ಕೊಡುವಾಗಲೂ ಅಷ್ಟೇ ಹೊಳೆದರೆ, ಹೊರಗೆ ಹರಿಯಬೇಕಾದ ಎಲೆಕ್ಟ್ರಾನುಗಳು ಒಳಗೇ ಉಳಿದಿವೆ ಎಂದರ್ಥ. ಆದ್ದರಿಂದ ಚಿತ್ರ ತೆಗೆದಾಗ ಕೋಶ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಪ್ರತಿ ಚಿತ್ರದ ಕೆಳಗೂ ಬರೆದಿಡಬೇಕು.