ಸ್ಪೈಡರ್‌ಮ್ಯಾನ್ ನಾಟಕ ಕೆಟ್ಟಿದ್ದು ಯಾರಿಂದ?

ಸಿನಿಮಾ ಸೋತರೆ ನಿರ್ದೇಶಕರನ್ನ ಬೈದು ಸುಮ್ಮನಾಗ್ತೀವಿ. ಸಂಗೀತ ನಾಟಕ ಕೆಟ್ಟರೆ ಯಾರನ್ನ ಬೈಯೋದು? ಕಥೆ ಒಬ್ಬರದು, ಹಾಡು ಇನ್ನೊಬ್ಬರದು, ದುಡ್ಡು ಮತ್ತೊಬ್ಬರದು. ಹಾಗಾಗಿ ಇವತ್ತು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಒಂದು ಪ್ರಸಿದ್ಧ ಎಡವಟ್ಟಿನ ಬಗ್ಗೆ ಮಾತಾಡೋಣ. ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್’. ಖರ್ಚು ಸುಮಾರು ಏಳೂವರೆ ಕೋಟಿ ಡಾಲರ್!

ಸಂಗೀತ ಯು2 ತಂಡದ ಬೋನೋ ಮತ್ತು ದಿ ಎಡ್ಜ್ ಅವರದು. ನಿರ್ದೇಶನ ಜೂಲಿ ಟೇಮರ್. ‘ಲಯನ್ ಕಿಂಗ್’ ಅನ್ನು ರಂಗಕ್ಕೆ ತಂದು 1998ರಲ್ಲಿ ಟೋನಿ ಪ್ರಶಸ್ತಿ ಗೆದ್ದವರು. 2010ರ ನವೆಂಬರ್ 28ರಂದು ಮೊದಲ ಪ್ರಿವ್ಯೂ ಪ್ರದರ್ಶನ. ಯಂತ್ರಗಳು ಕೈಕೊಟ್ಟು ಆಟ ಮತ್ತೆ ಮತ್ತೆ ನಿಂತಿತು. ಡಿಸೆಂಬರಿನಲ್ಲಿ ಕಲಾವಿದರೊಬ್ಬರು ಎತ್ತರದಿಂದ ಬಿದ್ದು ತೀವ್ರವಾಗಿ ಗಾಯಗೊಂಡರು. ಪತ್ರಿಕೆಗಳಿಗೆ ಇದೇ ಸುದ್ದಿ. ಆದರೆ ಎಲ್ಲ ಹಗ್ಗ ಸರಿಯಾಗಿದ್ದರೂ ನಾಟಕ ನಿಲ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂದ್ರೆ, ಖಳನಾಯಕ ಗ್ರೀನ್ ಗಾಬ್ಲಿನ್ ಮೊದಲ ಅಂಕದಲ್ಲೇ ಸತ್ತುಹೋಗ್ತಾನೆ! ಉಳಿದರ್ಧದಲ್ಲಿ ಅರಾಕ್ನಿ ಅನ್ನೋ ಪುರಾಣದ ಜೇಡರ ಹೆಣ್ಣಿನದ್ದೇ ಆಟ. ಅವಳ ಕಡೆಯವರು ಕಾಲಿಗೆ ಹಾಕಿಕೊಳ್ಳೋಕೆ ಶೂ ಕದಿಯೋ ಒಂದು ಹಾಡೂ ಇತ್ತು. ಪಾಪ, ಪೀಟರ್ ಪಾರ್ಕರ್‌ನ ನೋಡೋಕೆ ಬಂದ ಮಕ್ಕಳ ಗತಿ ಏನು?

ಅರಾಕ್ನಿ ಟೇಮರ್ ಅವರ ಕನಸು, ನಿಜ. 2011ರ ಮಾರ್ಚಿನಲ್ಲಿ ಅವರನ್ನು ಕೆಳಗಿಳಿಸಿದರು. ಬದಲಾವಣೆಗೆ ಒಪ್ಪಲಿಲ್ಲ ಅಂತ ನಿರ್ಮಾಪಕರ ವಾದ. ಅವರು ಕೋರ್ಟಿಗೆ ಹೋದರು, 2013ರಲ್ಲಿ ರಾಜಿಯಾಯಿತು. ಸರಿ, ಆದರೆ ಆ ಕಥೆ ರಾತ್ರೋರಾತ್ರಿ ಹುಟ್ಟಿದ್ದಲ್ಲವಲ್ಲ. ವರ್ಷಗಟ್ಟಲೆ ಎಲ್ಲರ ಕೈಯಲ್ಲೂ ಇತ್ತು. ‘ಇದು ಬೇಡಮ್ಮ’ ಅನ್ನಬೇಕಾದವರು ಯಾರು?

ಆ ಕೆಲಸ ನಿರ್ಮಾಪಕರದು. ಮೂಲ ನಿರ್ಮಾಪಕ ಟೋನಿ ಆಡಮ್ಸ್ 2005ರಲ್ಲೇ ತೀರಿಕೊಂಡರು. ಹೊಣೆ ಅವರ ಪಾಲುದಾರರ ಮೇಲೆ ಬಿತ್ತು. ಅವರು ವಕೀಲರು, ಬ್ರಾಡ್‌ವೇ ಅನುಭವ ಇರಲಿಲ್ಲ. 2009ರಲ್ಲಿ ದುಡ್ಡು ಖಾಲಿಯಾಗಿ ಕೆಲಸ ನಿಂತ ಮೇಲೆ ಮೈಕಲ್ ಕೋಲ್ ಬಂದರು. ರಾಕ್ ಕಛೇರಿಗಳನ್ನು ನಡೆಸಿದ ದೊಡ್ಡ ಹೆಸರು. ದುಡ್ಡು ತಂದರು. ಕಥೆಗೆ ಕತ್ತರಿ ಹಾಕುವವರು ಮಾತ್ರ ಆಗಲೂ ಇರಲಿಲ್ಲ. ಪ್ರಿವ್ಯೂ ಶುರುವಾದಾಗ ಸಂಗೀತಗಾರರು ಎಲ್ಲಿದ್ದರು? ತಮ್ಮ ಬ್ಯಾಂಡಿನ ಜೊತೆ ಆಸ್ಟ್ರೇಲಿಯಾ ಪ್ರವಾಸದಲ್ಲಿ.

ಇನ್ನೊಂದು ವಿಷಯ. ಇಂಥ ನಾಟಕಗಳನ್ನ ಮೊದಲು ಬಾಸ್ಟನ್ನಿನಂಥ ಬೇರೆ ಊರಲ್ಲಿ ಆಡಿಸಿ, ಜನ ಎಲ್ಲಿ ಆಕಳಿಸ್ತಾರೆ ನೋಡಿ, ತಿದ್ದಿ ತರೋದು ಹಳೇ ಪದ್ಧತಿ. ಇದರ ಯಂತ್ರಗಳನ್ನು ಆ ಒಂದೇ ಥಿಯೇಟರಿಗೆ ಜೋಡಿಸಿದ್ದರು. ಹೊತ್ತುಕೊಂಡು ಹೋಗೋ ಹಾಗಿರಲಿಲ್ಲ. ಹಾಗಾಗಿ ತಾಲೀಮಿನಲ್ಲೇ ಮುಗಿಯಬೇಕಾದ ತಪ್ಪುಗಳನ್ನ ಪ್ರೇಕ್ಷಕರು ದುಬಾರಿ ಟಿಕೆಟ್ ಕೊಂಡು ನೋಡಿದರು. ಅದು ಟೇಮರ್ ಒಬ್ಬರ ತೀರ್ಮಾನವಂತೂ ಆಗಿರೋಕೆ ಸಾಧ್ಯವಿಲ್ಲ.

ಹೊಸ ನಿರ್ದೇಶಕರು ಬಂದರು, ಕೆಲವು ವಾರ ಆಟ ನಿಲ್ಲಿಸಿ ಅರಾಕ್ನಿಯನ್ನ ಮೂಲೆಗೆ ಸರಿಸಿದರು, ಗಾಬ್ಲಿನ್‌ನ ಕೊನೆವರೆಗೂ ಬದುಕಿಸಿದರು. 182 ಪ್ರಿವ್ಯೂಗಳ ನಂತರ 2011ರ ಜೂನ್ 14ರಂದು ಅಧಿಕೃತ ಆರಂಭ. ಕಥೆ ಅರ್ಥವಾಯಿತು, ಜನರೂ ಬಂದರು. ಆದರೂ 2014ರ ಜನವರಿಯಲ್ಲಿ ಮುಚ್ಚಿದಾಗ ಹಾಕಿದ ಬಂಡವಾಳ ವಾಪಸ್ ಬಂದಿರಲಿಲ್ಲ. ವಿಮರ್ಶಕರು ಹಾಡುಗಳ ಬಗ್ಗೆಯೂ ದೂರಿದ್ದರು. ಅವು ಹೆಚ್ಚುಕಮ್ಮಿ ಹಾಗೇ ಉಳಿದವು. ಹಾಡು ಕಟ್ಟಿದವರನ್ನ ಮಾತ್ರ ಯಾರೂ ಮನೆಗೆ ಕಳಿಸಲಿಲ್ಲ.