ನಂಟಿಲ್ಲದ ಕಂಪ್ಯೂಟರಿನ ವೇಳೆ

ಇಂಟರ್ನೆಟ್ಟಿನ ನಂಟಿಲ್ಲದ ಕಂಪ್ಯೂಟರಿಗೆ ವೇಳೆ ತಿಳಿಸುವುದು ಅದರೊಳಗಿನ ಕ್ವಾರ್ಟ್ಸ್ ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ. ಗಡಿಯಾರದ ಸೆಕೆಂಡು ಹುಟ್ಟುವುದು ಹೀಗೆ. ಕರೆಂಟು ಹೋದಾಗ ಈ ಎಣಿಕೆ ನಿಲ್ಲದಂತೆ 3 ವೋಲ್ಟಿನ ಪುಟ್ಟ ಸೆಲ್ಲು ನೋಡಿಕೊಳ್ಳುತ್ತದೆ. ಸೆಲ್ಲು ಮುಗಿದರೆ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಜಾರುತ್ತದೆ, ಅಂಗಡಿಯ ಬಿಲ್ಲುಗಳ ಮೇಲೂ ಅದೇ ಅಚ್ಚಾಗುತ್ತದೆ.

ಸಾಧಾರಣ ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಬಹುದು. ಎಂದರೆ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷಕ್ಕೂ ಮಿಕ್ಕಿ. ಇದರ ಮೇಲೆ ಕಾವಿನ ಕಾಟ ಬೇರೆ. ಹರಳಿನ ಕಂಪನ ಅತಿ ಚುರುಕಾಗಿರುವುದು 25 ಡಿಗ್ರಿಯ ಸುಮಾರಿಗೆ; ಕಾವು ಅಲ್ಲಿಂದ ಏರಿದರೂ ಇಳಿದರೂ ಅದು ನಿಧಾನವಾಗುತ್ತದೆ. ಗದಗ-ಬೆಟಗೇರಿಯ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿಟ್ಟ ಪೆಟ್ಟಿಗೆಯ ಒಳಗೆ 45 ಡಿಗ್ರಿ ಮುಟ್ಟಿತೆಂದರೆ ಗಡಿಯಾರ ದಿನಕ್ಕೆ ಮತ್ತೊಂದು ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುತ್ತದೆ. ಡಿಎಸ್ 3231ರಂಥ ಚಿಪ್ಪು ಕಾವನ್ನು ತಾನೇ ಅಳೆದು ಸರಿದೂಗಿಸುತ್ತದೆ. ಅದರ ತಪ್ಪು ವರ್ಷಕ್ಕೆ ಒಂದು ನಿಮಿಷದ ಆಸುಪಾಸು.

ಗಡಿಯಾರ ತಪ್ಪುವುದು ದೊಡ್ಡ ದೋಷವಲ್ಲ. ದಿನಕ್ಕೊಂದು ಬಗೆಯಾಗಿ ತಪ್ಪುವುದು ದೋಷ. ಒಂದೇ ಸಮ ತಪ್ಪುವುದಾದರೆ ಅದನ್ನು ಅಳೆದು ತಿದ್ದಲು ಬರುತ್ತದೆ. ಲಕ್ಷ್ಮೇಶ್ವರದ ಅಂಗಡಿಯೊಂದರ ಕಂಪ್ಯೂಟರಿಗೆ ಆಕಾಶವಾಣಿಯ ವೇಳೆಯ ಸದ್ದಿಗೆ ಸರಿಯಾಗಿ ವೇಳೆ ಕೂಡಿಸಲಾಯಿತು ಎನ್ನೋಣ. ಹದಿನೈದು ದಿನದ ಮೇಲೆ ಅದು 30 ಸೆಕೆಂಡು ಹಿಂದಿದ್ದರೆ ದಿನದ ದರ 2 ಸೆಕೆಂಡು. ಲಿನಕ್ಸ್‌ನ ಎಚ್‌ಡಬ್ಲ್ಯುಕ್ಲಾಕ್ ಎಂಬ ಪ್ರೋಗ್ರಾಮು ಈ ದರವನ್ನು ಬರೆದಿಟ್ಟುಕೊಂಡು ಮುಂದೆ ಅಷ್ಟನ್ನೇ ಸೇರಿಸಿ ಕೊಡಬಲ್ಲದು. ಆದರೆ ಕಂಪ್ಯೂಟರು ಚಾಲೂ ಇರುವಾಗ ವೇಳೆ ಎಣಿಸುವುದು ಬೇರೆಯೇ ಹರಳು. ಅದರ ದರವನ್ನೂ ಪ್ರತ್ಯೇಕವಾಗಿ ಅಳೆಯಬೇಕು, ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ. ಗಡಿಯಾರ ಮುಂದೋಡಿದ್ದರೆ ಅದನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸುವುದು ಸಲ್ಲ, ನಂತರದ ಬಿಲ್ಲು ಮೊದಲಿನದಾಗಿ ಕಾಣಿಸೀತು. ಓಟವನ್ನು ತುಸು ನಿಧಾನ ಮಾಡಿ ಸರಿಹೊಂದಿಸುವುದೇ ಕ್ರಮ.

ಮತಯಂತ್ರಕ್ಕೂ ಹೊರಗಿನ ವೇಳೆಯ ಆಸರೆಯಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಈ ಯಂತ್ರಕ್ಕೆ ಯಾವ ಜಾಲದ ಸಂಪರ್ಕವನ್ನೂ ಕೊಟ್ಟಿಲ್ಲ. ಶಿರಹಟ್ಟಿಯ ಮತಗಟ್ಟೆಯಲ್ಲಾಗಲಿ ಮುಂಡರಗಿಯದರಲ್ಲಾಗಲಿ ಗುಂಡಿ ಒತ್ತಿದ ವೇಳೆ ದಾಖಲಾಗುವುದು ಕಂಟ್ರೋಲ್ ಯೂನಿಟ್ಟಿನ ಒಳಗಿನ ಗಡಿಯಾರದಿಂದಲೇ. ಆದ್ದರಿಂದ ಅಣಕು ಮತದಾನದ ಹೊತ್ತಿನಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಯಂತ್ರ ತೋರಿಸುವ ತಾರೀಖು-ವೇಳೆಯನ್ನು ನಿಜವಾದ ವೇಳೆಗೆ ಹೋಲಿಸಿ, ವ್ಯತ್ಯಾಸವಿದ್ದರೆ ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕುತ್ತಾರೆ.